ಚಳಿಗಾಲದ ಸಾಹಸ ಶಿಬಿರ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಶಾಲೆಗೆ ಕೇಳಲೇಬೇಕಾದ ಪ್ರಶ್ನೆಗಳು

ಡಿಸೆಂಬರ್ ಹತ್ತಿರವಾಗುತ್ತಿದ್ದಂತೆ ಹೈಸ್ಕೂಲ್ ಮಕ್ಕಳಿರುವ ಮನೆಗಳ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ ಬರುತ್ತದೆ. 'ಒಂಬತ್ತನೇ ತರಗತಿಗೆ ನಾಲ್ಕು ದಿನಗಳ ಸಾಹಸ ಶಿಬಿರ. ಆಸಕ್ತರು ಶುಕ್ರವಾರದೊಳಗೆ ಹಣ ಮತ್ತು ಒಪ್ಪಿಗೆ ಪತ್ರ ತಲುಪಿಸಬೇಕು.' ಮುಂಬೈ, ಪುಣೆಯ ಮಕ್ಕಳಾದರೆ ಸಹ್ಯಾದ್ರಿಯ ಕೋಟೆ, ಕೊಂಕಣದ ಕಡಲತೀರ. ದೆಹಲಿಯವರಿಗೆ ಹಿಮಾಚಲ, ಉತ್ತರಾಖಂಡದ ಹಿಮ. ಚೆನ್ನೈ, ಹೈದರಾಬಾದ್‌ನವರು ಮನಾಲಿಗೂ ಹೋಗುತ್ತಾರೆ, ನಮ್ಮ ಕೊಡಗು, ದಾಂಡೇಲಿಗೂ ಬರುತ್ತಾರೆ.

ಒಪ್ಪಿಗೆ ಪತ್ರದ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: 'ಅವಘಡ ಸಂಭವಿಸಿದರೆ ಶಾಲೆ ಜವಾಬ್ದಾರಿಯಲ್ಲ.' ಎಷ್ಟೋ ಪೋಷಕರು ಓದದೆ ಸಹಿ ಹಾಕುತ್ತಾರೆ. ಓದಿದವರೂ, ಎಲ್ಲರೂ ಹೋಗುವಾಗ ನಮ್ಮ ಮಗು ಮಾತ್ರ ಉಳಿಯುವುದು ಬೇಡ ಎಂದು ಸಹಿ ಹಾಕುತ್ತಾರೆ. ಆ ಒಂದು ಸಾಲಿಗೆ ನಿಜಕ್ಕೂ ಎಷ್ಟು ಬೆಲೆ? ಸಹಿ ಹಾಕುವ ಮುನ್ನ ನಾವು ಕೇಳದೇ ಬಿಡುತ್ತಿರುವುದು ಏನು?

ಮುರುಡೇಶ್ವರ ಮತ್ತು ಹರಣಿ ಕೆರೆ

2024ರ ಡಿಸೆಂಬರ್ 10. ಕೋಲಾರ ಜಿಲ್ಲೆ ಮುಳಬಾಗಿಲು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ಮಕ್ಕಳು ಮುರುಡೇಶ್ವರದ ಕಡಲಿಗೆ ಇಳಿದರು. ಅಲೆಗಳ ಸೆಳೆತಕ್ಕೆ ಸಿಕ್ಕಿ ನಾಲ್ವರು ವಿದ್ಯಾರ್ಥಿನಿಯರು ಮೃತಪಟ್ಟರು. ಜೊತೆಗಿದ್ದ ಶಿಕ್ಷಕರ ಬಂಧನವಾಯಿತು, ಪ್ರಾಂಶುಪಾಲರ ಅಮಾನತಾಯಿತು, ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು.

ಅದೇ ವರ್ಷದ ಆರಂಭದಲ್ಲಿ, ಜನವರಿ 18ರಂದು, ಗುಜರಾತ್‌ನ ವಡೋದರಾದ ಹರಣಿ ಕೆರೆಯಲ್ಲಿ ಶಾಲಾ ಮಕ್ಕಳಿದ್ದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಜೀವ ಕಳೆದುಕೊಂಡರು. ದೋಣಿಯಲ್ಲಿ ಮಿತಿಗಿಂತ ಹೆಚ್ಚು ಜನರಿದ್ದರು. ಎಲ್ಲರಿಗೂ ಲೈಫ್ ಜಾಕೆಟ್ ಕೊಟ್ಟಿರಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, 2016ರ ಫೆಬ್ರವರಿ 1ರಂದು ರಾಯಗಡ ಜಿಲ್ಲೆಯ ಮುರುಡ್ ಕಡಲತೀರದಲ್ಲಿ ಪುಣೆಯ ಕಾಲೇಜೊಂದರ 14 ವಿದ್ಯಾರ್ಥಿಗಳು ನೀರುಪಾಲಾದರು.

ಇಂತಹ ಸುದ್ದಿಗಳನ್ನು ಡೆಸ್ಕ್‌ನಲ್ಲಿ ಕುಳಿತು ತಿದ್ದುವಾಗ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ. ಮೊದಲ ದಿನ ಸಾವಿನ ಸಂಖ್ಯೆ. ಎರಡನೇ ದಿನ ಬಂಧನ, ಅಮಾನತು. ಮೂರನೇ ದಿನ ಪರಿಹಾರ. ಅದರ ಮರುದಿನ ಪ್ರವಾಸಗಳಿಗೆ ಹೊಸ ಸೂಚನೆ ಅಥವಾ ನಿರ್ಬಂಧ. ಆಮೇಲೆ ಸುದ್ದಿ ನಿಲ್ಲುತ್ತದೆ. 'ಆ ಹೊತ್ತಿನಲ್ಲಿ ನೀರಿಗೆ ಇಳಿಯಬಹುದು ಎಂದು ತೀರ್ಮಾನಿಸಿದವರು ಯಾರು? ಬೇಡ ಎನ್ನಬೇಕಾದ ಕೆಲಸ ಯಾರದಾಗಿತ್ತು?' ಎಂಬ ಪ್ರಶ್ನೆ ಶೀರ್ಷಿಕೆಗೆ ಬರುವುದೇ ಇಲ್ಲ.

ಅಪಾಯ ಹಗ್ಗದಲ್ಲಲ್ಲ, ಬಿಡುವಿನ ಹೊತ್ತಿನಲ್ಲಿ

ಮೇಲಿನ ಮೂರೂ ಘಟನೆಗಳಲ್ಲಿ ಒಂದು ಹೋಲಿಕೆ ಇದೆ. ಬಂಡೆ ಹತ್ತುವಾಗ ಕೈತಪ್ಪಿಯೋ ಹಗ್ಗ ಕಡಿದೋ ಯಾರೂ ಸತ್ತಿಲ್ಲ. ಸಾವು ಬಂದದ್ದು ಕಡಲತೀರದ ವಿಹಾರದಲ್ಲಿ, ದೋಣಿಯ ಒಂದು ಸುತ್ತಿನಲ್ಲಿ.

ಕಾರಣ ಸರಳ. ಬಾದಾಮಿಯ ಬಂಡೆಗಳಲ್ಲಿ ಹತ್ತುವುದನ್ನು ಕಲಿಸುವಾಗ ಹಗ್ಗ ಹಿಡಿದ ತರಬೇತುದಾರ ಇರುತ್ತಾನೆ, ತಲೆಗೆ ಹೆಲ್ಮೆಟ್ ಇರುತ್ತದೆ, ಒಂದು ಬಾರಿಗೆ ಒಂದೇ ಮಗು ಹತ್ತುತ್ತದೆ. ಅಪಾಯ ಕಣ್ಣಿಗೆ ಕಾಣುವುದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಅದೇ ಮಕ್ಕಳನ್ನು ಸಂಜೆ 'ಅರ್ಧ ಗಂಟೆ ಆಡಿಕೊಳ್ಳಿ' ಎಂದು ದಡದಲ್ಲಿ ಬಿಟ್ಟಾಗ ಹಗ್ಗವೂ ಇಲ್ಲ, ತರಬೇತುದಾರನೂ ಇಲ್ಲ. ದಿನವಿಡೀ ಓಡಾಡಿ ದಣಿದ ಇಬ್ಬರು ಮೂವರು ಶಿಕ್ಷಕರು, ನಲವತ್ತು ಐವತ್ತು ಮಕ್ಕಳು.

ಆ ಶಿಕ್ಷಕರಿಗೆ ಅಲೆಯ ಸೆಳೆತ ಓದಲು ಯಾರೂ ಕಲಿಸಿರುವುದಿಲ್ಲ. ಈಜು ಬರುತ್ತದೆಯೇ ಎಂದು ಕೂಡ ಯಾರೂ ಕೇಳಿರುವುದಿಲ್ಲ. ಅವಘಡವಾದರೆ ಜೈಲಿಗೆ ಹೋಗುವವರು ಮಾತ್ರ ಅವರೇ.

ಹಿಮದ ಲೆಕ್ಕವೇ ಬೇರೆ

ಈಚಿನ ವರ್ಷಗಳಲ್ಲಿ ಶಾಲೆಗಳು ಹಿಮ ತೋರಿಸುವ ಚಾರಣಗಳತ್ತಲೂ ಹೊರಟಿವೆ. ಉತ್ತರಾಖಂಡದ ಕೇದಾರಕಂಠ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಎತ್ತರ ಸುಮಾರು 3,800 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟಷ್ಟು ಎತ್ತರ.

ಸುಮಾರು 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಶುರುವಾಗಬಹುದು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಮೊದಲ ಲಕ್ಷಣಗಳು. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ನಡುವೆ ವಿಶ್ರಾಂತಿ ದಿನ ಇರಬೇಕು ಎಂಬುದು ವೈದ್ಯರ ಸಲಹೆ. ಬಂದುಹೋಗುವುದಕ್ಕೇ ಎರಡು ದಿನ ಬೇಕಾದ ನಾಲ್ಕು ದಿನಗಳ ಶಿಬಿರದಲ್ಲಿ ಈ ವಿಶ್ರಾಂತಿಗೆ ಜಾಗ ಎಲ್ಲಿದೆ?

ಚಳಿಯದ್ದು ಇನ್ನೊಂದು ಲೆಕ್ಕ. ಪ್ರತಿ 1,000 ಮೀಟರ್ ಏರಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಚೆನ್ನೈ, ಮುಂಬೈಯ ಮಕ್ಕಳು ಡಿಸೆಂಬರ್‌ನಲ್ಲೂ ಫ್ಯಾನ್ ಹಾಕಿ ಮಲಗುವವರು. ಜೀನ್ಸ್, ಹತ್ತಿಯ ಟೀ ಶರ್ಟ್ ಹಿಮದಲ್ಲಿ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಮೈಯ ಬಿಸಿಯನ್ನೆಲ್ಲ ಹೀರುತ್ತವೆ. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ. ಹದಿನಾಲ್ಕರ ವಯಸ್ಸಿನ ಹುಡುಗ ಅಥವಾ ಹುಡುಗಿ ಗೆಳೆಯರ ಎದುರು 'ನನಗೆ ಆಗುತ್ತಿಲ್ಲ' ಎಂದು ಹೇಳಿಕೊಳ್ಳುವುದು ಕಷ್ಟ. ಹಾಗಾಗಿ ನೋಡುವ ಕಣ್ಣು ದೊಡ್ಡವರದ್ದೇ ಆಗಬೇಕು.

ವಯಸ್ಕರಿಗೂ ಬೆಟ್ಟ ರಿಯಾಯಿತಿ ಕೊಡುವುದಿಲ್ಲ. 2024ರ ಜೂನ್‌ನಲ್ಲಿ, ಅಂದರೆ ಬೇಸಿಗೆಯಲ್ಲೇ, ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ಕೆಟ್ಟ ಹವಾಮಾನಕ್ಕೆ ಸಿಕ್ಕಿ ಮೃತಪಟ್ಟರು.

ಜಪಾನ್‌ನ ಪಾಠ

ತರಬೇತಿ ಪಡೆದವರೂ ತಪ್ಪುತ್ತಾರೆ ಎಂಬುದಕ್ಕೆ ಜಪಾನ್‌ನ ನಾಸು ಪಟ್ಟಣದ ಘಟನೆ ಸಾಕ್ಷಿ. 2017ರ ಮಾರ್ಚ್ 27ರಂದು ಅಲ್ಲಿ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ಪರ್ವತಾರೋಹಣ ತರಬೇತಿ ನಡೆಯುತ್ತಿತ್ತು. ಹವಾಮಾನ ಕೆಟ್ಟಿದ್ದರಿಂದ ಶಿಖರ ಹತ್ತುವುದನ್ನು ಕೈಬಿಡಲಾಯಿತು. ಸರಿಯಾದ ತೀರ್ಮಾನವೇ. ಆದರೆ ಅದರ ಬದಲು, ಹಿಮಪಾತದ ಎಚ್ಚರಿಕೆ ಇದ್ದಾಗಲೇ, ಆಳ ಹಿಮದಲ್ಲಿ ನಡೆಯುವ ಅಭ್ಯಾಸ ಮಾಡಿಸಲಾಯಿತು. ಇಳಿಜಾರಿನ ಹಿಮ ಕುಸಿದು ಏಳು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕ ಸತ್ತರು. 2024ರ ಮೇ ತಿಂಗಳಲ್ಲಿ ಜಿಲ್ಲಾ ನ್ಯಾಯಾಲಯ ಉಸ್ತುವಾರಿಯಲ್ಲಿದ್ದ ಮೂವರು ಶಿಕ್ಷಕರಿಗೆ ತಲಾ ಎರಡು ವರ್ಷ ಸೆರೆವಾಸ ವಿಧಿಸಿತು.

ಮೂಲ ಯೋಜನೆ ರದ್ದಾದಾಗ 'ಬಂದದ್ದಕ್ಕೆ ಏನಾದರೂ ಮಾಡಿಸೋಣ' ಎಂಬ ಯೋಚನೆ ಎಲ್ಲ ಶಿಬಿರಗಳಲ್ಲೂ ಬರುತ್ತದೆ. ಪರ್ಯಾಯ ಯೋಜನೆಯೂ ಮೊದಲೇ ಪರೀಕ್ಷಿಸಿಟ್ಟದ್ದಾಗಿರಬೇಕು ಎಂಬುದೇ ನಾಸು ಕಲಿಸುವ ಪಾಠ.

ಕಾನೂನು ಏನು ಹೇಳುತ್ತದೆ?

ಈಗ ಒಪ್ಪಿಗೆ ಪತ್ರದ ಕೊನೆಯ ಸಾಲಿಗೆ ಬರೋಣ. 1995ರ ಮೇ ತಿಂಗಳಲ್ಲಿ ಡಾಲ್‌ಹೌಸಿ ಪಬ್ಲಿಕ್ ಸ್ಕೂಲ್‌ನ 14 ಮಕ್ಕಳು ಪಿಕ್‌ನಿಕ್ ವೇಳೆ ಬಿಯಾಸ್ ನದಿಯಲ್ಲಿ ಮುಳುಗಿದರು. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಜೊತೆಗಿದ್ದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲಾ ಆಡಳಿತವೇ ಹೊಣೆ ಎಂದು 2001ರಲ್ಲಿ ಕೋರ್ಟ್ ಹೇಳಿತು. ತಲಾ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು.

2014ರ ಜೂನ್ 8ರಂದು ಅದೇ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟೆಯಿಂದ ಹಠಾತ್ತನೆ ಬಿಟ್ಟ ನೀರಿಗೆ ಹೈದರಾಬಾದ್‌ನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದರು. ಹಿಮಾಚಲ ಹೈಕೋರ್ಟ್ ಪ್ರತಿ ಕುಟುಂಬಕ್ಕೆ 20 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ವಿದ್ಯುತ್ ಮಂಡಳಿಯ ಜೊತೆ ಕಾಲೇಜಿಗೂ ಅದರಲ್ಲಿ ಪಾಲು ಹೊರಿಸಿತು.

ಅಂದರೆ ಮಗುವನ್ನು ಕರೆದೊಯ್ದವರು ಕಾಗದದ ಮೇಲಿನ ಒಂದು ಸಾಲಿನಿಂದ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಆದರೆ ಕೋರ್ಟ್ ಬರುವುದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು ತಡೆಯುವ ವ್ಯವಸ್ಥೆ ನಮ್ಮಲ್ಲಿ ಅರೆಬರೆ.

ಬ್ರಿಟನ್‌ನಲ್ಲಿ 1993ರ ಮಾರ್ಚ್ 22ರಂದು ಲೈಮ್ ಬೇ ಎಂಬಲ್ಲಿ ಶಾಲಾ ಶಿಬಿರದ ನಾಲ್ವರು ಮಕ್ಕಳು ದೋಣಿ ಚಾಲನೆ ವೇಳೆ ಸತ್ತರು. ಆ ಸಾಹಸ ಕೇಂದ್ರದ ಸುರಕ್ಷತೆ ಸರಿಯಿಲ್ಲ ಎಂದು ಅಲ್ಲಿ ಕೆಲಸ ಬಿಟ್ಟ ತರಬೇತುದಾರರೇ ಮೊದಲು ಪತ್ರ ಬರೆದು ಎಚ್ಚರಿಸಿದ್ದರು. ಕೇಂದ್ರದ ಮುಖ್ಯಸ್ಥ ಜೈಲಿಗೆ ಹೋದ. ಅಷ್ಟಕ್ಕೇ ನಿಲ್ಲದೆ, 1995ರಲ್ಲಿ ಹದಿನೆಂಟು ವರ್ಷದೊಳಗಿನವರಿಗೆ ಇಂತಹ ಸಾಹಸ ಚಟುವಟಿಕೆ ನಡೆಸುವ ಕೇಂದ್ರಗಳಿಗೆ ಪರವಾನಗಿ ಕಡ್ಡಾಯಗೊಳಿಸುವ ಕಾನೂನು ಬಂತು.

ನಮ್ಮಲ್ಲಿ 2018ರ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿ ಇದೆ. ಅದು ಮಾರ್ಗಸೂಚಿ, ಕಾನೂನಲ್ಲ. ಮಹಾರಾಷ್ಟ್ರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿ ತಂದು ಸಂಘಟಕರ ನೋಂದಣಿಗೆ ದಾರಿ ಮಾಡಿದೆ. ಮುಂಬೈ, ಪುಣೆಯ ಪೋಷಕರು 'ನೋಂದಣಿ ಇದೆಯೇ, ತೋರಿಸಿ' ಎಂದು ಧೈರ್ಯವಾಗಿ ಕೇಳಬಹುದು.

ನಿಲ್ಲಿಸಿಬಿಡುವುದು ಪರಿಹಾರವೇ?

'ಇಷ್ಟೆಲ್ಲ ತಾಪತ್ರಯ ಯಾಕೆ, ಶಿಬಿರವೇ ಬೇಡ' ಎನ್ನುವುದು ಸುಲಭ. ಆದರೆ ನಿಷೇಧದ ಪೆಟ್ಟು ಬೀಳುವುದು ಯಾರಿಗೆ? ಅನುಕೂಲವಂತರ ಮಕ್ಕಳನ್ನು ಅಪ್ಪ ಅಮ್ಮ ರಜೆಯಲ್ಲಿ ಮನಾಲಿಗೋ ಗೋವಾಕ್ಕೋ ಕರೆದೊಯ್ಯುತ್ತಾರೆ. ಕೋಲಾರದ ವಸತಿ ಶಾಲೆಯ ಮಗುವಿಗೆ ಕಡಲು ತೋರಿಸುವುದು ಶಾಲೆಯ ಬಸ್ಸು ಮಾತ್ರ. ಆ ಬಸ್ಸು ನಿಂತರೆ ಅವರ ಪಾಲಿಗೆ ಕಡಲು ಪಠ್ಯಪುಸ್ತಕದ ಚಿತ್ರವಾಗಿಯೇ ಉಳಿಯುತ್ತದೆ. ಹೊರಗೆ ಹೋಗಲು ಮನೆಯಲ್ಲಿ ಸುಲಭಕ್ಕೆ ಅನುಮತಿ ಸಿಗದ ಹೆಣ್ಣುಮಕ್ಕಳಿಗಂತೂ ಶಾಲೆಯ ಶಿಬಿರವೇ ಒಂದು ಬಾಗಿಲು.

ಬೇಕಿರುವುದು ನಿಷೇಧವಲ್ಲ. 'ಇವತ್ತು ಬೇಡ, ಹಿಂದಿರುಗೋಣ' ಎಂದು ಹೇಳುವ ಅಧಿಕಾರ ಒಬ್ಬರಿಗೆ ಲಿಖಿತವಾಗಿ ಇರಬೇಕು. ಹೇಳಿದ್ದಕ್ಕೆ ಅವರನ್ನು ಯಾರೂ ಹಳಿಯಬಾರದು. ಕೊಟ್ಟ ಹಣ ವ್ಯರ್ಥವಾಯಿತೆಂದು ಪೋಷಕರಾದ ನಾವೂ ಜಗಳಕ್ಕೆ ಹೋಗಬಾರದು.

ಸಹಿಗೆ ಮುನ್ನ ಐದು ಪ್ರಶ್ನೆ

1. ಚಟುವಟಿಕೆ ನಿಲ್ಲಿಸುವ ಅಂತಿಮ ಅಧಿಕಾರ ಯಾರಿಗೆ? ಅವರ ಹೆಸರು, ತರಬೇತಿ ಏನು? ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಂತಹ ಕಡೆ ಕಲಿತವರು ತಂಡದಲ್ಲಿದ್ದಾರೆಯೇ?

2. ವೇಳಾಪಟ್ಟಿಯಲ್ಲಿ 'ಬಿಡುವು' ಎಂದಿರುವ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಹತ್ತಿರದಲ್ಲಿ ನೀರು ಇದೆಯೇ? ಜೀವರಕ್ಷಕರು ಇದ್ದಾರೆಯೇ?

3. ದೋಣಿ ಹತ್ತುವುದಿದ್ದರೆ ಪ್ರತಿ ಮಗುವಿಗೂ ಅಳತೆಗೆ ತಕ್ಕ ಲೈಫ್ ಜಾಕೆಟ್ ಇದೆಯೇ?

4. ಹವಾಮಾನ ಕೆಟ್ಟರೆ ಏನು ಮಾಡಿಸುತ್ತೀರಿ? ಅದರ ಅಪಾಯವನ್ನೂ ಲೆಕ್ಕ ಹಾಕಿದ್ದೀರಾ?

5. ಹತ್ತಿರದ ಆಸ್ಪತ್ರೆ ಎಷ್ಟು ದೂರ? ಒಂದು ಮಗುವನ್ನು ಕೆಳಗಿಳಿಸಬೇಕಾದರೆ ವಾಹನ ಸ್ಥಳದಲ್ಲೇ ಇರುತ್ತದೆಯೇ? ಜೊತೆಗೆ ಹೋಗುವ ಶಿಕ್ಷಕರು ಯಾರು?

ಇವಕ್ಕೆ ಉತ್ತರ ಕೊಡಲು ಒಳ್ಳೆಯ ಶಿಬಿರಕ್ಕೆ ಹತ್ತು ನಿಮಿಷ ಸಾಕು. ಉತ್ತರ ಬಾರದಿದ್ದರೆ ಶುಕ್ರವಾರದ ಗಡುವು ಮುಗಿದರೂ ಚಿಂತೆಯಿಲ್ಲ, ಸಹಿ ಹಾಕಬೇಡಿ. ಜೊತೆಗೆ ಮನೆಯಿಂದ ಹೊರಡುವ ಮಗುವಿಗೂ ಒಂದು ಮಾತು ಹೇಳಿ ಕಳುಹಿಸಿ: 'ಆಗುತ್ತಿಲ್ಲ ಅನ್ನಿಸಿದರೆ ಟೀಚರ್‌ಗೆ ಹೇಳು. ನಾಚಿಕೆ ಪಡಬೇಡ. ನಾವು ಬೈಯುವುದಿಲ್ಲ.'