ವಾರ್ಡ್ ಇಂಗ್ಲಿಷ್ – 9: "ವೈಪ್ ಔಟ್" ಅನ್ನೋ ಮುಂಚೆ

ಈ ವಾರದ ಪದ "ವೈಪ್ ಔಟ್".

"ವೈಪ್" ಅಂದ್ರೆ ಒರೆಸೋದು. ಪಕ್ಕದಲ್ಲಿ "ಔಟ್" ಬಂದ ಕೂಡಲೇ ಅರ್ಥ ಭಾರ ಆಗುತ್ತೆ: ಗುರುತೂ ಉಳಿಯದ ಹಾಗೆ ಅಳಿಸಿಹಾಕೋದು, ನಿರ್ನಾಮ ಮಾಡೋದು. ಪ್ರವಾಹ ಒಂದು ಊರನ್ನೇ ವೈಪ್ ಔಟ್ ಮಾಡಬಹುದು, ಒಂದು ಸಾಲ ಇಡೀ ಉಳಿತಾಯವನ್ನ ಮಾಡಬಹುದು. ಇಲ್ಲಿ ಇಂಗ್ಲೆಂಡಲ್ಲಿ ಪೇಷೆಂಟ್ "ಐ ಆಮ್ ವೈಪ್ಡ್ ಔಟ್" ಅಂದ್ರೆ ಮಾತ್ರ ಗಾಬರಿ ಬೇಡ. ತುಂಬಾ ಸುಸ್ತಾಗಿದೆ, ಕೈಕಾಲು ಬಿದ್ದುಹೋಗಿದೆ ಅಂತ ಅಷ್ಟೇ.

ನನ್ನ ತಕರಾರು ಇರೋದು ಕಾಯಿಲೆಗಳಿಗೆ ಈ ಪದವನ್ನ ಸಲೀಸಾಗಿ ಅಂಟಿಸೋದರ ಬಗ್ಗೆ. ಸಿಡುಬನ್ನ ವೈಪ್ ಔಟ್ ಮಾಡಿದ್ರು ಅನ್ನಿ, ನೂರಕ್ಕೆ ನೂರು ಸರಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಜಗತ್ತಿಂದ ಹೋಯ್ತು ಅಂತ ಘೋಷಿಸಿತು. ಅದಕ್ಕೇ ಆ ಲಸಿಕೆ ನಿಂತಿತು. ಅಜ್ಜಿ ತೋಳಲ್ಲಿರೋ ದೊಡ್ಡ ಕಲೆ ಅದರದ್ದು. ನಮ್ಮ ತೋಳಲ್ಲಿರೋದು ಕ್ಷಯದ ಬಿಸಿಜಿ ಕಲೆ.

ಪೋಲಿಯೊ ಹಾಗಲ್ಲ. "ಪೋಲಿಯೊ ವೈಪ್ ಔಟ್ ಆಯ್ತಲ್ಲ, ಮತ್ತೆ ಹನಿ ಯಾಕೆ?" ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲೇ ಕೇಳ್ತಾರೆ. ಭಾರತದಲ್ಲಿ ಕೊನೇ ಕಾಡು ಪೋಲಿಯೊ ಕೇಸ್ ಬಂದಿದ್ದು 2011ರ ಜನವರಿಯಲ್ಲಿ, 2014ರಲ್ಲಿ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ದೊಡ್ಡ ಸಾಧನೆ, ಹೆಮ್ಮೆ ಪಡಬೇಕು. ಆದ್ರೆ ಅದು ನಮ್ಮ ಹೊಲದ ಕಳೆ ಕಿತ್ತ ಹಾಗೆ. ಬೇಲಿಯಾಚೆ ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ಬೀಜ ಇನ್ನೂ ಇದೆ.

ಶ್ರೀಮಂತ ದೇಶಕ್ಕೂ ವಿನಾಯಿತಿ ಇಲ್ಲ. 2022ರಲ್ಲಿ ಲಂಡನ್ನಿನ ಚರಂಡಿ ನೀರಲ್ಲೇ ಪೋಲಿಯೊ ವೈರಸ್ ಸಿಕ್ಕಿತು. ಬಾಯಿ ಹನಿಯಲ್ಲಿರೋ ದುರ್ಬಲ ವೈರಸ್ಸು, ಲಸಿಕೆ ಕಡಿಮೆ ಇರೋ ಜನರ ನಡುವೆ ಹರಡಿ ಹರಡಿ ಬಲಿತದ್ದು ಅದು. ಹಾಗಂತ ಲಸಿಕೆ ಬಿಟ್ಟುಬಿಡಿ ಅನ್ನಲಿಲ್ಲ. ಲಂಡನ್ನಿನ 1ರಿಂದ 9 ವರ್ಷದ ಮಕ್ಕಳಿಗೆಲ್ಲ ಇನ್ನೊಂದು ಡೋಸ್ ಕೊಡೋಕೆ ಹೊರಟರು. ಎಲ್ಲರೂ ಲಸಿಕೆ ತಗೊಂಡಿರೋ ಕಡೆ ಆ ವೈರಸ್ಸಿಗೆ ಓಡಾಡೋಕೆ ದಾರಿ ಸಿಗಲ್ಲ.

ಇಂಗ್ಲಿಷ್ ಪದ ತಪ್ಪಾದ್ರೆ ಯಾರಾದರೂ ನಗಬಹುದು, ನಗಲಿ ಬಿಡಿ. ಈ ಪದ ತಪ್ಪು ತಿಳ್ಕೊಂಡ್ರೆ ಒಂದು ಮಗು ಜೀವನಪೂರ್ತಿ ಕುಂಟಬೇಕಾಗುತ್ತೆ. ಅದಕ್ಕೇ ನನ್ನ ಮಾತು ಇಷ್ಟೇ: ಸಿಡುಬಿಗೆ "ವೈಪ್ಡ್ ಔಟ್" ಅನ್ನಿ, ಪೋಲಿಯೊಗೆ "ಸದ್ಯಕ್ಕೆ ತಡೆದಿದ್ದೀವಿ" ಅನ್ನಿ. ಪಲ್ಸ್ ಪೋಲಿಯೊ ಭಾನುವಾರ ಬಂದಾಗ ಐದು ವರ್ಷದೊಳಗಿನ ಮಕ್ಕಳನ್ನ ಬೂತಿಗೆ ಕರ್ಕೊಂಡು ಹೋಗಿ. ಆಶಾ ಅಕ್ಕ ಮನೆಗೆ ಬಂದ್ರೆ ಬಾಗಿಲಿಂದಲೇ ಕಳಿಸಬೇಡಿ.

ಮುಂದಿನ ವಾರ "ಬ್ರೇಕ್ ಡೌನ್".