ಬಸದಿಯ ಕಚೇರಿಯಲ್ಲಿ ಅದತ್ತಾದಾನ

ಅಚೌರ್ಯಾಣುವ್ರತವನ್ನು ಕುರಿತ ಉಪನ್ಯಾಸಗಳಿಗೆ ನಮ್ಮ ಸಭೆಗಳಲ್ಲಿ ಕೊರತೆಯಿಲ್ಲ. ತೂಕದಲ್ಲಿ ಕಡಿಮೆ ಕೊಡಬಾರದು, ಕಲಬೆರಕೆ ಮಾಡಬಾರದು, ಬಿದ್ದ ವಸ್ತುವನ್ನು ಎತ್ತಿಕೊಳ್ಳಬಾರದು ಎಂಬುದನ್ನು ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ಅದೇ ಉಪನ್ಯಾಸದ ಆಮಂತ್ರಣ ಪತ್ರಿಕೆಯನ್ನು ಸಿದ್ಧಪಡಿಸಿದ ಗಣಕಯಂತ್ರದಲ್ಲಿರುವ ವಿಂಡೋಸ್‌ಗೆ ಬೆಲೆ ತೆತ್ತವರು ಯಾರು ಎಂದು ಕೇಳಿದರೆ ಸಭೆ ಮೌನ ತಾಳುತ್ತದೆ. ಕಾಟಿಪಳ್ಳ, ಸುರತ್ಕಲ್ ಪರಿಸರದ ಅಂಗಡಿಗಳಲ್ಲಿಯೂ ನಾನು ಕಂಡ ಕೆಲವು ಟ್ರಸ್ಟುಗಳ ಕಚೇರಿಗಳಲ್ಲಿಯೂ ಉತ್ತರ ಬಹುಮಟ್ಟಿಗೆ ಒಂದೇ: ಯಾರೂ ತೆತ್ತಿಲ್ಲ. ಗಣಕವನ್ನು ಜೋಡಿಸಿಕೊಟ್ಟ ಹುಡುಗ ಪೆನ್ ಡ್ರೈವ್‌ನಿಂದ ಹಾಕಿಕೊಟ್ಟದ್ದು, ಅಷ್ಟೆ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ವರ್ತಕರಾದ ನಾವು ಅವುಗಳಲ್ಲಿ ಕೊನೆಯ ಎರಡನ್ನು, ಎಂದರೆ ಅಳತೆ ತೂಕಗಳ ಮೋಸವನ್ನೂ ನಕಲಿ ಸರಕಿನ ವ್ಯವಹಾರವನ್ನೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇವೆ. ಅವಕ್ಕೆ ಸರಕಾರದ ಇನ್ಸ್‌ಪೆಕ್ಟರ್ ಇದ್ದಾನೆ. ಮೊದಲ ಎರಡರ ಹೆಸರು ಸ್ತೇನಪ್ರಯೋಗ, ತದಾಹೃತಾದಾನ. ಕಳವಿಗೆ ಇನ್ನೊಬ್ಬನನ್ನು ಪ್ರೇರೇಪಿಸುವುದು ಒಂದು, ಕದ್ದು ತಂದದ್ದನ್ನು ಸ್ವೀಕರಿಸುವುದು ಇನ್ನೊಂದು. "ಲೈಸೆನ್ಸ್ ಎಲ್ಲ ಯಾಕೆ ಮಾರಾಯ, ಹಾಗೇ ಹಾಕಿಕೊಡು" ಎಂದು ಹೇಳುವ ಮೊಕ್ತೇಸರರು ಒಂದೇ ವಾಕ್ಯದಲ್ಲಿ ಎರಡನ್ನೂ ಮುಗಿಸುತ್ತಾರೆ. ವ್ರತದ ಮಾತು ಬೇಡವೆನ್ನುವವರಿಗೆ ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರ ತಿದ್ದುಪಡಿಯಿಂದ ಸೇರಿದ 63ಬಿ ಕಲಮಿನ ಪ್ರಕಾರ, ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸುವುದೇ ಅಪರಾಧ. ಮಾರಿದವನು ಮಾತ್ರ ತಪ್ಪಿತಸ್ಥನಲ್ಲ.

ನಾನು ಓದಿದ್ದು ಬಿ.ಕಾಂ.; ಆದುದರಿಂದ ಯಾವುದನ್ನೇ ಆಗಲಿ ಲೆಕ್ಕಪುಸ್ತಕದಲ್ಲಿ ಹುಡುಕುವ ಅಭ್ಯಾಸ. ನಮ್ಮ ಟ್ರಸ್ಟುಗಳ ಲೆಕ್ಕ ಸಾಮಾನ್ಯವಾಗಿ ಶುದ್ಧ. ಅಭಿಷೇಕದ ಅರ್ಧ ಲೀಟರ್ ಹಾಲಿಗೂ ವೋಚರ್ ಇರುತ್ತದೆ, ಎಳನೀರಿನ ಸಂಖ್ಯೆ ತಾಳೆಯಾಗದಿದ್ದರೆ ವಾರ್ಷಿಕ ಸಭೆಯಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಪುಸ್ತಕದಲ್ಲಿ ತಂತ್ರಾಂಶದ ಬಾಬ್ತು ಎಲ್ಲಿದೆ? "ಕಂಪ್ಯೂಟರ್ ದುರಸ್ತಿ" ಎಂಬ ಒಂದು ಸಾಲು, ಐನೂರೋ ಸಾವಿರವೋ ರೂಪಾಯಿ, ಬಿಲ್ಲು ಇಲ್ಲ. ವಿಂಡೋಸ್, ಎಂ.ಎಸ್. ಆಫೀಸ್, ಲೆಕ್ಕದ ತಂತ್ರಾಂಶ, ಪುಸ್ತಕ ಪುಟವಿನ್ಯಾಸದ ತಂತ್ರಾಂಶ ಎಲ್ಲವೂ ಆ ಒಂದು ಸಾಲಿನ ಹಿಂದೆ ಅಡಗಿ ಕುಳಿತಿವೆ. ಖರೀದಿಯೂ ಇಲ್ಲದ, ದಾನರೂಪದಲ್ಲಿ ಬಂದದ್ದೂ ಅಲ್ಲದ ಸ್ವತ್ತು ಟ್ರಸ್ಟಿನ ಬಳಿ ಇದೆಯೆಂದರೆ ಲೆಕ್ಕಪರಿಶೋಧಕರು ಏನು ಬರೆಯಬೇಕು? ಅವರು ಕೇಳುವುದಿಲ್ಲ. ಕೆಲವೆಡೆ ಅವರ ಕಚೇರಿಯ ಗಣಕದ ಸ್ಥಿತಿಯೂ ಅದೇ ಎಂಬುದು ಬೇರೆ ಮಾತು.

"ಆ ಅಮೆರಿಕದ ಕಂಪನಿಗೆ ನಮ್ಮ ನಾಲ್ಕು ಕಾಸಿನಿಂದ ಏನಾಗಬೇಕು?" ಎಂಬ ಸಮಾಧಾನವನ್ನು ಎಲ್ಲೆಡೆ ಕೇಳುತ್ತೇನೆ. ಒಡೆಯ ಶ್ರೀಮಂತನಾದರೆ ಕಳವು ಕಳವಲ್ಲ ಎಂಬ ವಿನಾಯಿತಿಯನ್ನು ಯಾವ ಆಚಾರ್ಯರೂ ಕೊಟ್ಟಿಲ್ಲ. ಅಲ್ಲದೆ ನಮ್ಮ ಅಂಗಡಿಗಳಲ್ಲಿ ನಕಲು ಮಾಡಿ ಬಳಸುವ ಲೆಕ್ಕದ ತಂತ್ರಾಂಶ ಟ್ಯಾಲಿ ಅಮೆರಿಕದ್ದಲ್ಲ. 1986ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ನೆಲೆಯಿರುವ ಒಂದು ವರ್ತಕ ಕುಟುಂಬದ ಉದ್ಯಮ ಅದು.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದನ್ನು ಓದಿಕೊಂಡವರು ಎತ್ತುತ್ತಾರೆ. ನಕಲು ಮಾಡಿದರೆ ಮೂಲ ಕಡಿಮೆಯಾಗುವುದಿಲ್ಲ, ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ ಗ್ರಂಥಗಳೂ ಹಾಗೆಯೇ ಅಲ್ಲವೇ ಲೋಕಕ್ಕೆ ಬಂದದ್ದು ಎನ್ನುತ್ತಾರೆ. ಮಾತು ಉಪೇಕ್ಷಿಸುವಂಥದಲ್ಲ. ಹಳಗನ್ನಡ ಲಿಪಿಯ ಆ ತಾಳೆಯೋಲೆಗಳು ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದವು. ಪ್ರತಿ ಮಾಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರಂಭವಾಯಿತು. ಗುಪ್ತವಾಗಿ ಮಾಡಿದ ಪ್ರತಿಯೊಂದು ಹೊರಹೋದುದರಿಂದಲೇ ಮುದ್ರಣದ ದಾರಿ ತೆರೆಯಿತು. 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಪ್ರಕಟವಾಯಿತು. ಆದರೆ ಆ ಗ್ರಂಥವನ್ನು ಬೆಲೆಗೆ ಮಾರುವೆನೆಂದೋ ನಕಲು ಮಾಡಬಾರದೆಂದೋ ವೀರಸೇನಾಚಾರ್ಯರು ಷರತ್ತು ವಿಧಿಸಿರಲಿಲ್ಲ. ಬೀಗ ಹಾಕಿದವರು ಕಾವಲುಗಾರರು, ಕರ್ತೃವಲ್ಲ. ವಿಂಡೋಸ್‌ನ ವಿಷಯದಲ್ಲಿ ಬೀಗ ಹಾಕಿದವನು ಕರ್ತೃವೇ, ಬೀಗವನ್ನು ನೋಡಿಯೇ ನಾವು ಒಳನುಗ್ಗಿದ್ದೇವೆ. ಆ ಬೀಗ ನಮಗೆ ಒಪ್ಪಿಗೆಯಿಲ್ಲವಾದರೆ ಆ ಮನೆಗೆ ಹೋಗದಿರುವುದೊಂದೇ ಮಾರ್ಗ.

ಬೇರೆ ಮನೆ ಇದೆ, ಬಾಗಿಲು ತೆರೆದೇ ಇದೆ ಎಂಬುದೇ ನನ್ನ ವಾದದ ಮುಖ್ಯ ಭಾಗ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನು ಯೋಜನೆ, 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದು ಹಂಚಿದ ಲಿನಕ್ಸ್ ಇವೆರಡರ ಸಂಯೋಗದಿಂದಾದ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ನಕಲು ಮಾಡಬಹುದು, ತಿದ್ದಬಹುದು, ಹಂಚಬಹುದು. ಕರ್ತೃಗಳೇ ಹಾಗೆಂದು ಬರೆದುಕೊಟ್ಟಿದ್ದಾರೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಪೂಜಿಸುವ ಸಮಾಜಕ್ಕೆ ಇದು ಅರ್ಥವಾಗದ ವಿಷಯವೇ? ಅಷ್ಟು ಹಿಂದೆ ಹೋಗುವುದೂ ಬೇಡ. ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದಲ್ಲಿ ಹುಟ್ಟಿದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು, ಸೇಡಿಯಾಪು ಎಂಬ ಹೆಸರಿನ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಕರ್ನಾಟಕ ಸರಕಾರ ಅಂಗೀಕರಿಸಿದ ಕನ್ನಡ ಕೀಲಿಮಣೆಗೆ ಆಧಾರ ಅವರ ವಿನ್ಯಾಸವೇ. ಇಂದು ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಿಂದ ಅದು ಮೊದಲೇ ಅಡಕವಾಗಿದೆ. ಬಸದಿಯ ಗುಮಾಸ್ತರು ನುಡಿಯಲ್ಲಿ ಒತ್ತುತ್ತಿದ್ದ ಕೀಲಿಗಳನ್ನೇ ಅಲ್ಲಿಯೂ ಒತ್ತಿದರಾಯಿತು.

"ಲಿನಕ್ಸ್ ಕಷ್ಟ, ಅದು ಎಂಜಿನಿಯರುಗಳಿಗೆ" ಎನ್ನುವವರು ಒಮ್ಮೆ ತಲಪಾಡಿಯ ಗಡಿ ದಾಟಿ ಮಂಜೇಶ್ವರದ ಕಡೆ ಹೋಗಿ ಬರಲಿ. ಕೇರಳ ಸರಕಾರ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಕ್ರಮೇಣ ಸರಕಾರಿ ಮತ್ತು ಅನುದಾನಿತ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದಿತು. 2017ರಿಂದ ಅದು ಕೈಟ್ ಎಂಬ ಸಂಸ್ಥೆಯಾಗಿದೆ. ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದು ಇದೇ ವ್ಯವಸ್ಥೆಯಲ್ಲಿ. ಎಂಟನೆಯ ತರಗತಿಯ ಹುಡುಗಿಗೆ ಸಾಧ್ಯವಾದದ್ದು ಮೂರು ಪದವೀಧರರಿರುವ ಆಡಳಿತ ಸಮಿತಿಗೆ ಅಸಾಧ್ಯವೆಂದರೆ ನಂಬುವುದು ಕಷ್ಟ.

ಕಳವಿನ ಪ್ರತಿಯ ಹಾನಿ ಪರಲೋಕಕ್ಕೆ ಮಾತ್ರ ಸೀಮಿತವೂ ಅಲ್ಲ. ವಿಂಡೋಸ್‌ನ ಬೀಗ ಒಡೆಯುವ ಉಪಕರಣಗಳು ಮೊದಲು ಕೇಳುವುದು ವೈರಸ್ ನಿರೋಧಕವನ್ನು ಆರಿಸಿಬಿಡಿ ಎಂದು. ಕಾವಲುಗಾರನನ್ನು ಮನೆಗೆ ಕಳುಹಿಸಿ ಕಳ್ಳನನ್ನು ಒಳಕರೆದಂತೆ ಇದು. ಕೆಎಂಎಸ್‌ಪಿಕೊ ಎಂಬ ಅಂಥ ಉಪಕರಣದ ಹೆಸರಿನಲ್ಲಿ ಪಾಸ್‌ವರ್ಡ್ ಮುಂತಾದವನ್ನು ಕದಿಯುವ ತಂತ್ರಾಂಶ ಹರಡುತ್ತಿದ್ದುದನ್ನು ತಜ್ಞರು 2021ರಲ್ಲಿ ಬಯಲಿಗೆಳೆದರು. ಸಿಕ್ಕಿಬೀಳುವ ಭಯದಿಂದ ಅನೇಕರು ಅಪ್‌ಡೇಟ್‌ಗಳನ್ನೂ ನಿಲ್ಲಿಸಿಡುತ್ತಾರೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಪಿಡುಗು ಸುಮಾರು 150 ದೇಶಗಳಲ್ಲಿ ಗಣಕಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲಿ ಕೊಟ್ಟಿತ್ತು. ತೇಪೆ ಹಚ್ಚಿಕೊಂಡವರು ಉಳಿದರು. ಈಗ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕುವ ಬದಲು ಅದಕ್ಕೆ ಲಿನಕ್ಸ್ ಹಾಕಿದರೆ ಇನ್ನೂ ಕೆಲವು ವರ್ಷ ರಶೀದಿ ಬರೆದೀತು.

ರಶೀದಿ ಎಂದೆ. ಅದೇ ನನ್ನ ಆತಂಕದ ಕೇಂದ್ರ. 80ಜಿ ವಿನಾಯಿತಿಯುಳ್ಳ ಟ್ರಸ್ಟುಗಳು 2021-22ನೇ ಸಾಲಿನಿಂದ ದಾನಿಗಳ ಗುರುತಿನ ಸಂಖ್ಯೆಯ ಸಹಿತ ಪಟ್ಟಿಯನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂದಿದೆ. ಎಂದರೆ ಪಂಚಕಲ್ಯಾಣಕ್ಕೆ ಹಣ ಕೊಟ್ಟ ವಿಧವೆಯ ಪಾನ್ ಸಂಖ್ಯೆ, ಫೋನ್ ಸಂಖ್ಯೆ, ವಿಳಾಸ ಎಲ್ಲವೂ ಬಾಗಿಲು ಒಡೆದಿಟ್ಟ ಆ ಗಣಕದಲ್ಲಿಯೇ ಇವೆ. ಬಸದಿಯ ಬೆಳ್ಳಿಯ ಪ್ರಭಾವಳಿಗೆ ಎರಡು ಬೀಗ ಹಾಕಿ ಕೀಲಿಯನ್ನು ಇಬ್ಬರ ಕೈಯಲ್ಲಿಡುವ ನಾವು ನಂಬಿ ಕೊಟ್ಟವರ ಗುಟ್ಟನ್ನು ಬೀದಿಯಲ್ಲಿಟ್ಟಿದ್ದೇವೆ.

ಸ್ವತಂತ್ರ ತಂತ್ರಾಂಶಕ್ಕೆ ಅಪಾಯವೇ ಇಲ್ಲವೆಂದು ನಾನು ಹೇಳುತ್ತಿಲ್ಲ. 2024ರ ಮಾರ್ಚಿನಲ್ಲಿ ಲಿನಕ್ಸ್‌ನಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಉಪಕರಣದೊಳಗೆ ಯಾರೋ ಕಳ್ಳದಾರಿಯೊಂದನ್ನು ತೂರಿಸಿದ್ದುದು ಪತ್ತೆಯಾಯಿತು. ಪತ್ತೆ ಹಚ್ಚಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಒಳಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯೆಂಬ ಸಂಶಯದಿಂದ ಹೊರಟು ಮೂಲವನ್ನು ತೆರೆದು ನೋಡಿದರು. (ಅವರು ಮೈಕ್ರೋಸಾಫ್ಟ್‌ನ ಉದ್ಯೋಗಿ ಎಂಬುದು ವಿನೋದದ ಸಂಗತಿ.) ತೆರೆದು ನೋಡುವ ಅವಕಾಶ ಅವರಿಗಿತ್ತು.

ಎಲ್ಲವನ್ನೂ ಒಂದೇ ದಿನ ಬದಲಾಯಿಸಲು ಸಾಧ್ಯವಿಲ್ಲವೆಂಬುದನ್ನು ಒಪ್ಪುತ್ತೇನೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಅಂಗಡಿಗಳ ಲೆಕ್ಕ ವಿಂಡೋಸ್‌ಗೆ ಅಂಟಿಕೊಂಡಿದೆ. ನನ್ನ ಅಂಗಡಿಯಲ್ಲಿಯೂ ಲೆಕ್ಕದ ಯಂತ್ರ ಒಂದು ವಿಂಡೋಸ್‌ನಲ್ಲಿದೆ. ಅದಕ್ಕೂ ಲೆಕ್ಕದ ತಂತ್ರಾಂಶಕ್ಕೂ ಬಿಲ್ಲು ಇದೆ. ಉಳಿದ ಎರಡು ಯಂತ್ರಗಳು ಲಿನಕ್ಸ್‌ನಲ್ಲಿ ಓಡುತ್ತವೆ. ಪತ್ರ, ಆಮಂತ್ರಣ, ಪಟ್ಟಿ, ರಶೀದಿಗಳಷ್ಟೇ ಇರುವ ಟ್ರಸ್ಟ್ ಕಚೇರಿಗೆ ಲಿಬ್ರೆ ಆಫೀಸ್ ಧಾರಾಳ ಸಾಕು. ಹಳೆಯ ನುಡಿ ಕಡತಗಳನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳು ಅಲ್ಲಲ್ಲಿ ಕೆಡುವುದರಿಂದ ಒಮ್ಮೆ ಓದಿ ತಿದ್ದಬೇಕು. ಮುದ್ರಕವನ್ನು ಕೊಳ್ಳುವ ಮೊದಲೇ ಲಿನಕ್ಸ್‌ಗೆ ಹೊಂದುತ್ತದೆಯೇ ಎಂದು ವಿಚಾರಿಸಬೇಕು.

ಹುಡುಗನಿಗೆ ಕೂಲಿ ಕೊಡಿ, ಧಾರಾಳವಾಗಿಯೇ ಕೊಡಿ. ಅವನ ಅರ್ಧ ದಿನದ ಶ್ರಮಕ್ಕೆ ಬಿಲ್ಲು ಪಡೆದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಗಣಕಗಳ ಪಟ್ಟಿಯೊಂದಿರಲಿ: ಎಷ್ಟು ಯಂತ್ರಗಳಿವೆ, ಪ್ರತಿಯೊಂದರಲ್ಲಿ ಏನೇನಿದೆ, ಯಾವುದಕ್ಕೆ ಬಿಲ್ಲಿದೆ. ದಾನಿಗಳು ಕೊಟ್ಟ ಹಳೆಯ ಗಣಕಗಳನ್ನೂ ಆ ಪಟ್ಟಿಯಿಂದ ಬಿಡಬೇಡಿ, ಏಕೆಂದರೆ ಯಂತ್ರ ದಾನವಾಗಿ ಬಂದಿದ್ದರೂ ಅದರೊಳಗಿನ ವಿಂಡೋಸ್ ದಾನಿಯದ್ದೇ ಆಗಿತ್ತೆಂದು ಹೇಳಲು ಬರುವುದಿಲ್ಲ.