ಬಾಯಿ ಹೇಳಿತು, ಕಣ್ಣು ನೋಡಲಿಲ್ಲ

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು ಕೆಲವು ಗಂಟೆಗಳೂ ಆಗಿರಲಿಲ್ಲ, ಟಿ.ವಿ. ಸ್ಟುಡಿಯೊಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಕಾರಣ ಓಡಾಡತೊಡಗಿತು: ಪೈಲಟ್‌ಗಳು ಫ್ಲ್ಯಾಪ್ ಇಳಿಸುವುದನ್ನು ಮರೆತಿರಬೇಕು. ಮಸುಕು ಮೊಬೈಲ್ ವಿಡಿಯೊವನ್ನು ಹಿಗ್ಗಿಸಿ ಹಿಗ್ಗಿಸಿ ರೆಕ್ಕೆಯನ್ನು ತೋರಿಸಿದ್ದೇ ತೋರಿಸಿದ್ದು. ತಿಂಗಳ ಬಳಿಕ ಪ್ರಾಥಮಿಕ ತನಿಖಾ ವರದಿ ಬಂತು. ಸುಟ್ಟು ಕರಕಲಾದ ಅವಶೇಷಗಳ ನಡುವೆ ಫ್ಲ್ಯಾಪ್‌ನ ಹಿಡಿ 5 ಡಿಗ್ರಿಯಲ್ಲಿ, ಅಂದರೆ ಟೇಕಾಫ್‌ಗೆ ಇರಬೇಕಾದ ಜಾಗದಲ್ಲೇ ಕೂತಿತ್ತು. ವರದಿ ಎತ್ತಿದ ಪ್ರಶ್ನೆ ಇಂಧನ ಸ್ವಿಚ್‌ಗಳದ್ದು; ಅದು ಬೇರೆಯೇ ವಿಚಾರ, ಇಲ್ಲಿ ಬೇಡ.

ಆ ಊಹೆ ಸುಳ್ಳಾಯಿತು, ಸರಿ. ಆದರೆ ಅದು ಗಾಳಿಯಲ್ಲಿ ಹುಟ್ಟಿದ್ದಲ್ಲ. ನುರಿತ ಪೈಲಟ್‌ಗಳು ಫ್ಲ್ಯಾಪ್ ಇಳಿಸದೆ ಪ್ರಯಾಣಿಕರ ವಿಮಾನವನ್ನು ರನ್‌ವೇ ಮೇಲೆ ಓಡಿಸಿದ್ದುಂಟು. ಒಂದು ಸಲವಲ್ಲ, ಹಲವು ಸಲ.

ರೆಕ್ಕೆಯ ಪಕ್ಕದ ಕಿಟಕಿ ಸೀಟು ಸಿಕ್ಕರೆ ಫ್ಲ್ಯಾಪ್ ಇಳಿಯುವುದನ್ನು ನಾವೇ ನೋಡಬಹುದು. ವಿಮಾನ ರನ್‌ವೇ ಕಡೆ ತೆವಳುವ ಹೊತ್ತಿಗೆ ಗುಂಯ್ ಎಂಬ ಸದ್ದಿನೊಂದಿಗೆ ರೆಕ್ಕೆಯ ಹಿಂಬದಿಯ ಹಲಗೆ ಹೊರಚಾಚಿ ಕೆಳಗೆ ಬಾಗುತ್ತದೆ. ಅದು ಫ್ಲ್ಯಾಪ್. ಮುಂಬದಿಯಿಂದ ಚಾಚುವುದು ಸ್ಲ್ಯಾಟ್. ವೇಗ ಇನ್ನೂ ಕಡಿಮೆ ಇರುವಾಗಲೇ ವಿಮಾನವನ್ನು ಎತ್ತುವ ಬಲ ಸಿಗುವುದು ಇವುಗಳಿಂದ. ಇವಿಲ್ಲದೆ ಹೊರಟ ವಿಮಾನ ಮೂಗೆತ್ತುತ್ತದೆ, ನೆಲ ಬಿಟ್ಟಂತೆ ಮಾಡುತ್ತದೆ, ಮರುಕ್ಷಣವೇ ಪಕ್ಕಕ್ಕೆ ವಾಲುತ್ತದೆ. ಇಷ್ಟು ಮುಖ್ಯವಾದದ್ದನ್ನು ಯಾರಾದರೂ ಮರೆಯುತ್ತಾರೆಯೇ? ಅದಕ್ಕೆಂದೇ ಚೆಕ್‌ಲಿಸ್ಟ್ ಇಲ್ಲವೇ?

ಇದೆ. 1988ರ ಆಗಸ್ಟ್ 31ರಂದು ಅಮೆರಿಕದ ಡಲ್ಲಾಸ್-ಫೋರ್ಟ್‌ವರ್ತ್‌ನಲ್ಲಿ ಡೆಲ್ಟಾ ಕಂಪನಿಯ ಬೋಯಿಂಗ್ 727ರಲ್ಲಿ ಪಟ್ಟಿಯನ್ನು ಓದಲಾಗಿತ್ತು ಕೂಡ. ಫ್ಲ್ಯಾಪ್ ಎಂದು ಒಬ್ಬರು ಕೇಳಿದರು. ಹದಿನೈದು, ಹದಿನೈದು, ಹಸಿರು ದೀಪ ಎಂಬ ಉತ್ತರ ಬಂತು. ಕಾಕ್‌ಪಿಟ್ ಧ್ವನಿಮುದ್ರಿಕೆಯಲ್ಲಿ ಅದು ಸ್ಪಷ್ಟವಾಗಿದೆ. ಆದರೆ ಫ್ಲ್ಯಾಪ್ ಇಳಿದಿರಲಿಲ್ಲ. ಎಚ್ಚರಿಸಬೇಕಿದ್ದ ಅಲಾರಂ ಕೂಡ ಕೂಗಲಿಲ್ಲ. ವಿಮಾನದಲ್ಲಿದ್ದ 108 ಮಂದಿಯಲ್ಲಿ 14 ಮಂದಿ ಸತ್ತರು. ಹೊರಡುವ ಮುನ್ನ ಸರದಿಯಲ್ಲಿ ಕಾಯುತ್ತಾ ಕಾಕ್‌ಪಿಟ್‌ನಲ್ಲಿ ಸಾಕಷ್ಟು ಹರಟೆಯೂ ನಡೆದಿತ್ತು, ಅಂಥ ಹೊತ್ತಿನಲ್ಲಿ ಕೆಲಸಕ್ಕೆ ಬಾರದ ಮಾತು ಕೂಡದು ಎಂಬ ನಿಯಮ 1981ರಿಂದಲೇ ಇದ್ದರೂ.

ಊರಿಗೆ ಹೊರಟು ಬಸ್ ಹತ್ತಿದ ಮೇಲೆ ಬೀಗ ಹಾಕಿದೆವೋ ಇಲ್ಲವೋ ಎಂದು ತಳಮಳಿಸದವರು ಯಾರು? ಕೀಲಿ ತಿರುಗಿಸಿದ್ದು ಕಣ್ಣಿಗೆ ಕಟ್ಟಿದಂತಿರುತ್ತದೆ. ಆದರೆ ಅದು ಇವತ್ತಿನ ನೆನಪೋ ನಿನ್ನೆಯದೋ ಹೇಳಲಾಗದು. ಸಾವಿರ ಸಲ ಫ್ಲ್ಯಾಪ್ ಇಳಿಸಿದ ಪೈಲಟ್‌ನ ಮನಸ್ಸು ಸಾವಿರದ ಒಂದನೇ ಸಲ ಮಾಡುವುದೂ ಇದನ್ನೇ. ಪ್ರಶ್ನೆ ಕಿವಿಗೆ ಬೀಳುತ್ತಿದ್ದಂತೆ ನಾಲಿಗೆ ಮಗ್ಗಿ ಒಪ್ಪಿಸಿದಂತೆ ಉತ್ತರ ಒಪ್ಪಿಸಿಬಿಡುತ್ತದೆ. ಕಣ್ಣು ಹಿಡಿಯ ಕಡೆ ಹೋದರೂ ಅಲ್ಲಿ ಇರುವುದನ್ನು ನೋಡದೆ, ಇರಬೇಕಾದದ್ದನ್ನು ನೋಡಿ ಬರುತ್ತದೆ.

ಇದನ್ನು ಹೇಳಲು ಒಳ್ಳೆಯ ಉದಾಹರಣೆ ಮ್ಯಾಡ್ರಿಡ್. 2008ರ ಆಗಸ್ಟ್ 20. ಗ್ರಾನ್ ಕನೇರಿಯಾ ದ್ವೀಪಕ್ಕೆ ಹೊರಟಿದ್ದ ಸ್ಪ್ಯಾನ್‌ಏರ್‌ನ ಎಂಡಿ-82 ವಿಮಾನ. ಮಧ್ಯಾಹ್ನ 1 ಗಂಟೆಗೆ ಏರಬೇಕಿತ್ತು. ರನ್‌ವೇವರೆಗೂ ಹೋದ ಮೇಲೆ, ಹೊರಗಿನ ಗಾಳಿಯ ತಾಪ ಅಳೆಯುವ ಸಲಾಕೆ ವಿಪರೀತ ಬಿಸಿಯಾಗಿದೆ ಎಂದು ಗೊತ್ತಾಗಿ ವಾಪಸ್ ಬಂದರು. ಆ ಸಲಾಕೆಗೆ ಹಿಮ ಕಟ್ಟದಿರಲೆಂದು ಒಂದು ಹೀಟರ್ ಇರುತ್ತದೆ. ಅದು ಕೆಲಸ ಮಾಡಬೇಕಾದದ್ದು ಆಕಾಶದಲ್ಲಿ ಮಾತ್ರ, ನೆಲದ ಮೇಲಲ್ಲ. ದಾರಿಯಲ್ಲಿ ಹಿಮ ಕಟ್ಟುವ ಸಂಭವ ಇರಲಿಲ್ಲವಾದ್ದರಿಂದ ತಾಂತ್ರಿಕ ಸಿಬ್ಬಂದಿ ಹೀಟರ್‌ನ ವಿದ್ಯುತ್ ತಪ್ಪಿಸಿ ವಿಮಾನವನ್ನು ಬಿಟ್ಟುಕೊಟ್ಟರು. ಕೈಪಿಡಿಯಲ್ಲಿ ಅದಕ್ಕೆ ಅವಕಾಶವಿತ್ತು.

ಹೊತ್ತಾಗಿತ್ತು, ಪೈಲಟ್‌ಗಳಿಗೆ ಅವಸರ. ಎಂಜಿನ್ ಚಾಲೂ ಆದ ಬಳಿಕದ ಪಟ್ಟಿ ಓದುತ್ತಾ ಬಂದರು. ಕೊನೆಯ ಬಾಬತ್ತು ಫ್ಲ್ಯಾಪ್. ಅದಕ್ಕೆ ಬರುವಷ್ಟರಲ್ಲಿ, ಹೊರಡಲು ಅನುಮತಿ ಕೇಳು ಎಂದು ಕ್ಯಾಪ್ಟನ್ ಸಹಪೈಲಟ್‌ಗೆ ಹೇಳಿದರು. ಅಲ್ಲಿಗೆ ಪಟ್ಟಿ ತುಂಡಾಯಿತು. ರನ್‌ವೇ ತುದಿಯಲ್ಲಿ ಕಡೆಯ ಪಟ್ಟಿ ಓದುವಾಗ ಸಹಪೈಲಟ್ ಅಂಕಿಗಳನ್ನು ಪಟಪಟ ಒಪ್ಪಿಸಿದರು, ಅದರಲ್ಲಿ ಫ್ಲ್ಯಾಪ್‌ನ ಹನ್ನೊಂದೂ ಇತ್ತು. ಎದುರಿನ ಸೂಚಕದಲ್ಲಿ ಇದ್ದದ್ದು ಸೊನ್ನೆ. 2 ಗಂಟೆ 24 ನಿಮಿಷಕ್ಕೆ ವಿಮಾನ ಬಿತ್ತು. 172 ಮಂದಿಯಲ್ಲಿ 154 ಮಂದಿ ತೀರಿಕೊಂಡರು.

ಫ್ಲ್ಯಾಪ್ ಇಳಿಸದೆ ಎಂಜಿನ್‌ಗೆ ಪೂರ್ತಿ ಬಲ ಕೊಟ್ಟರೆ ಅಲಾರಂ ಕೂಗಬೇಕು. ಅಂದು ಕೂಗಲಿಲ್ಲ. ವಿಮಾನ ನೆಲದಲ್ಲಿದೆಯೋ ಆಕಾಶದಲ್ಲಿದೆಯೋ ಎಂದು ತಿಳಿಸುವ ಒಂದು ರಿಲೇಯೇ ಸಲಾಕೆಯ ಹೀಟರ್‌ಗೂ ಈ ಅಲಾರಂಗೂ ಸಂಬಂಧಪಟ್ಟದ್ದು. ಅದು ಕೆಟ್ಟು, ನೆಲದಲ್ಲಿ ನಿಂತ ವಿಮಾನವನ್ನು ಹಾರುತ್ತಿದೆ ಎಂದು ಲೆಕ್ಕ ಹಿಡಿದರೆ ಹೀಟರ್ ಕಾಯುತ್ತದೆ, ಅಲಾರಂ ಸುಮ್ಮನಾಗುತ್ತದೆ. ರಿಲೇಯಲ್ಲೇ ದೋಷವಿತ್ತು ಎಂದು ಅಂತಿಮ ವರದಿ ಖಚಿತವಾಗಿ ಹೇಳಿಲ್ಲ, ಇರಬಹುದು ಎಂದಿದೆ. ಹಾಗಿದ್ದಲ್ಲಿ ಆ ಬಿಸಿ ಸಲಾಕೆಯೇ ಕಾಯಿಲೆಯ ಲಕ್ಷಣವಾಗಿತ್ತು. ಜ್ವರ ಬಂದವನ ಕೈಯಿಂದ ಥರ್ಮಾಮೀಟರ್ ಕಿತ್ತುಕೊಂಡು ಮನೆಗೆ ಕಳಿಸಿದ ಹಾಗಾಯಿತು.

ಇಷ್ಟಕ್ಕೂ ಇದು ಹೊಸ ಪಾಠವಲ್ಲ. 1987ರ ಆಗಸ್ಟ್ 16ರಂದು ಡೆಟ್ರಾಯಿಟ್‌ನಲ್ಲಿ ಇದೇ ಮಾದರಿಯ ನಾರ್ತ್‌ವೆಸ್ಟ್ ವಿಮಾನ ಇದೇ ರೀತಿ ಬಿದ್ದಿತ್ತು. ಅಲ್ಲಿ ರನ್‌ವೇ ಬದಲಾಗಿತ್ತು, ಲೆಕ್ಕಾಚಾರ ಹೊಸದಾಗಿ ಮಾಡಬೇಕಿತ್ತು, ದಾರಿಯ ತಿರುವೂ ತಪ್ಪಿತ್ತು. ಆ ಗಡಿಬಿಡಿಯಲ್ಲಿ ಟ್ಯಾಕ್ಸಿ ಚೆಕ್‌ಲಿಸ್ಟ್ ಓದಲೇ ಇಲ್ಲ. ಅಲಾರಂಗೆ ವಿದ್ಯುತ್ತೇ ತಲುಪುತ್ತಿರಲಿಲ್ಲ, ಏಕೆಂಬುದು ಕೊನೆಗೂ ಬಗೆಹರಿಯಲಿಲ್ಲ. ನೆಲದ ಮೇಲಿದ್ದ ಇಬ್ಬರೂ ಸೇರಿ 156 ಸಾವು; ವಿಮಾನದಲ್ಲಿದ್ದವರಲ್ಲಿ ಉಳಿದದ್ದು ನಾಲ್ಕು ವರ್ಷದ ಒಂದು ಹೆಣ್ಣುಮಗು. ಅದಾದ ಮೇಲೆ ವಿಮಾನ ತಯಾರಿಸಿದ ಮೆಕ್‌ಡೊನೆಲ್ ಡಗ್ಲಸ್ ಕಂಪನಿ, ಈ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಹಾರಾಟಕ್ಕೂ ಮುಂಚೆ ನೋಡಿ ಎಂದು ವಿಮಾನ ಕಂಪನಿಗಳಿಗೆ ಟೆಲೆಕ್ಸ್ ಕಳಿಸಿತು. ಅದು ಸಲಹೆ, ಕಡ್ಡಾಯವಲ್ಲ. ಸ್ಪ್ಯಾನ್‌ಏರ್‌ನ ಪದ್ಧತಿಯಲ್ಲಿ ಪ್ರತಿ ಹಾರಾಟಕ್ಕೂ ಆ ಪರೀಕ್ಷೆ ಇರಲಿಲ್ಲ. 2007ರ ಜೂನ್‌ನಲ್ಲಿ ಸ್ಪೇನ್‌ನದೇ ಲಾನ್ಸರೋಟೆ ದ್ವೀಪದಲ್ಲಿ ಇದೇ ಕುಟುಂಬದ ಇನ್ನೊಂದು ವಿಮಾನ ಫ್ಲ್ಯಾಪ್ ಇಲ್ಲದೆ ಮೇಲೆದ್ದು, ಎರಡೂ ಕಡೆ ಭಯಂಕರವಾಗಿ ಹೊರಳಾಡಿ, ಹೇಗೋ ಬದುಕಿಕೊಂಡಿತ್ತು. ಅದರಲ್ಲೂ ಅಲಾರಂ ಕೂಗಿರಲಿಲ್ಲ. ಪುಕ್ಕಟೆ ಸಿಕ್ಕ ಎಚ್ಚರಿಕೆ. ಪರೀಕ್ಷೆ ಯುರೋಪಿನಲ್ಲಿ ಕಡ್ಡಾಯವಾದದ್ದು 2008ರ ಅಕ್ಟೋಬರ್‌ನಲ್ಲಿ, ಮ್ಯಾಡ್ರಿಡ್‌ನ 154 ಮಂದಿ ಹೋದ ಮೇಲೆ.

ಇದನ್ನೆಲ್ಲ 'ಪೈಲಟ್ ತಪ್ಪು' ಎಂದು ಒಂದೇ ಚೀಟಿ ಅಂಟಿಸಿ ಪಕ್ಕಕ್ಕಿಡಬಹುದು. ತಪ್ಪು ಅವರದ್ದು ಹೌದು, ಅನುಮಾನವಿಲ್ಲ. ನನ್ನ ತಕರಾರು ಇರುವುದು ಆ ಚೀಟಿಯ ಬಗ್ಗೆ. ಒಂದೇ ಹೆಸರಿನಡಿ ಬೇರೆ ಬೇರೆ ಕಾಯಿಲೆಗಳನ್ನು ಅದು ಮುಚ್ಚಿಡುತ್ತದೆ. ಮ್ಯಾಡ್ರಿಡ್, ಡೆಟ್ರಾಯಿಟ್‌ಗಳದ್ದು ಅಂದಿನ ಒಂದು ದಿನದ ಮರೆವು, ನಡುವೆ ಬಂದ ಅಡಚಣೆ, ಗಡಿಬಿಡಿಯಿಂದ ಹುಟ್ಟಿದ್ದು. 1999ರ ಆಗಸ್ಟ್ 31ರಂದು ಬ್ಯೂನಸ್ ಐರಿಸ್‌ನಲ್ಲಿ 65 ಮಂದಿಯನ್ನು ಬಲಿ ತೆಗೆದುಕೊಂಡ ಲಾಪಾ ಕಂಪನಿಯ ಬೋಯಿಂಗ್ 737ರಲ್ಲಿ ಅಲಾರಂ ಕೂಗುತ್ತಲೇ ಇತ್ತು. ಪೈಲಟ್‌ಗಳು ಓಟ ನಿಲ್ಲಿಸಲಿಲ್ಲ. ಆ ಕಂಪನಿಯ ಸುರಕ್ಷತೆ ಸರಿಯಿಲ್ಲ ಎಂದು ಕೆಲವೇ ತಿಂಗಳ ಹಿಂದೆ ಕೆಲಸ ಬಿಟ್ಟಿದ್ದ ಪೈಲಟ್ ಎನ್ರಿಕೆ ಪಿನ್ಯೆರೋ ಆಮೇಲೆ ಅದರ ಮೇಲೊಂದು ಸಿನಿಮಾವನ್ನೇ ಮಾಡಿದರು. ಅದು ಮರೆವಲ್ಲ, ಮನೆಯ ರೋಗ.

ಮೂರನೆಯದು ಎಲ್ಲಕ್ಕಿಂತ ನನ್ನನ್ನು ಕಾಡುವಂಥದ್ದು. ಅದು ಪ್ರಯಾಣಿಕರ ಸಾರಿಗೆ ವಿಮಾನವಲ್ಲ, ಖಾಸಗಿ ಜೆಟ್. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ವಿಮಾನವೊಂದು ರನ್‌ವೇ ಬಿಟ್ಟು ಏಳಲೇ ಇಲ್ಲ, ಏಳು ಮಂದಿ ಸತ್ತರು. ನಿಂತ ವಿಮಾನದ ಬಾಲ, ರೆಕ್ಕೆಗಳ ಹಲಗೆಗಳು ಗಾಳಿಗೆ ಬಡಿದಾಡದಂತೆ ಹಾಕಿಡುವ ಬೀಗವನ್ನು ಬಿಚ್ಚಿರಲಿಲ್ಲ. ಸ್ಟಿಯರಿಂಗ್ ಹಿಡಿಯನ್ನು ಎಲ್ಲ ಕಡೆ ಒಮ್ಮೆ ಆಡಿಸಿ ನೋಡಿದ್ದರೆ ತಿಳಿಯುತ್ತಿತ್ತು. ತನಿಖೆಯವರು ಹಳೆಯ ದಾಖಲೆ ತೆಗೆದು ನೋಡಿದರೆ, ಅದೇ ಪೈಲಟ್‌ಗಳು ಹಿಂದಿನ 175 ಟೇಕಾಫ್‌ಗಳ ಪೈಕಿ ಶೇ 98ರಲ್ಲಿ ಆ ಪರೀಕ್ಷೆಯನ್ನು ಪೂರ್ತಿ ಮಾಡಿರಲಿಲ್ಲ. ಆ ಜೆಟ್ ನಡೆಸುತ್ತಿದ್ದ ಸಂಸ್ಥೆ ಸುರಕ್ಷತಾ ಆಡಿಟ್‌ನಲ್ಲಿ ಪಾಸೂ ಆಗಿತ್ತು. ವಿಪರ್ಯಾಸ ನೋಡಿ: 1935ರ ಅಕ್ಟೋಬರ್ 30ರಂದು ಒಹಾಯೊದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಮಾಡೆಲ್ 299 ಬಿದ್ದು ಮೇಜರ್ ಪ್ಲಾಯರ್ ಹಿಲ್ ಸತ್ತದ್ದೂ ಇಂಥದ್ದೇ ಬೀಗ ಬಿಚ್ಚದೆ. ಪೈಲಟ್‌ಗಳ ಚೆಕ್‌ಲಿಸ್ಟ್ ರೂಢಿಗೆ ಬಂದದ್ದೇ ಆ ಅಪಘಾತದಿಂದ.

ಓದಿದ ಪಟ್ಟಿಗೂ ಓದದ ಪಟ್ಟಿಗೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಓದದಿದ್ದರೂ ನೂರಕ್ಕೂ ಹೆಚ್ಚು ಸಲ ವಿಮಾನ ಏಳುತ್ತದೆ, ಕಾಫಿ ಬರುತ್ತದೆ, ಪ್ರಯಾಣಿಕರು ಮನೆ ಸೇರುತ್ತಾರೆ. ಹಾಗಾಗಿ ಅಪಘಾತದ ದಿನವನ್ನು ಮಾತ್ರ ಬಗೆದು ನೋಡುವವರಿಗೆ ಏನೂ ಸಿಗದು. ನೋಡಬೇಕಾದದ್ದು ಏನೂ ಆಗದ ದಿನಗಳನ್ನು. ದಾರಿಗಳಿಲ್ಲದೆ ಇಲ್ಲ. ದೊಡ್ಡ ವಿಮಾನಗಳ ಹಾರಾಟದ ದತ್ತಾಂಶವನ್ನು ಜರಡಿ ಹಿಡಿಯಬೇಕೆಂಬುದು ಅಂತರರಾಷ್ಟ್ರೀಯ ನಿಯಮ. ಪೈಲಟ್‌ಗಳ ಒಪ್ಪಿಗೆ ಪಡೆದು, ತರಬೇತಾದ ವೀಕ್ಷಕರೊಬ್ಬರು ಹಿಂದಿನ ಸೀಟಿನಲ್ಲಿ ಕೂತು, ಹೆಸರು ಬರೆಯದೆ ತಪ್ಪುಗಳನ್ನಷ್ಟೇ ಬರೆದುಕೊಳ್ಳುವ ಪದ್ಧತಿಯನ್ನೂ ಹಲವು ದೇಶಗಳ ಕಂಪನಿಗಳು ಬಳಸುತ್ತವೆ. ಎರಡೂ ನಡೆಯಬೇಕಾದರೆ ಒಂದು ಷರತ್ತು: ತಪ್ಪು ಕಂಡುಬಂದವನ ಕೆಲಸಕ್ಕೆ ಕುತ್ತು ಬರಬಾರದು.

ನಾವು ಎಡವುವುದು ಇಲ್ಲೇ. 2018ರ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್‌ನ ಬೋಯಿಂಗ್ 737ರಲ್ಲಿ ಒಳಗಿನ ಗಾಳಿಯ ಒತ್ತಡ ಕಾಯುವ ಬ್ಲೀಡ್ ಸ್ವಿಚ್ ಹಾಕುವುದನ್ನು ಪೈಲಟ್‌ಗಳು ಮರೆತರು. ಮೇಲೇರುತ್ತಿದ್ದಂತೆ ಸುಮಾರು 30 ಪ್ರಯಾಣಿಕರ ಮೂಗು, ಕಿವಿಗಳಲ್ಲಿ ರಕ್ತ ಬಂತು, ಆಮ್ಲಜನಕದ ಮುಖವಾಡಗಳು ಉದುರಿದವು, ವಿಮಾನ ವಾಪಸ್ ಬಂತು. 2005ರಲ್ಲಿ ಗ್ರೀಸ್‌ನ ಬೆಟ್ಟಕ್ಕೆ ಬಡಿದು 121 ಮಂದಿಯನ್ನು ಕಳೆದುಕೊಂಡ ಹೀಲಿಯೋಸ್ ವಿಮಾನವೂ ಒಳಗಿನ ಒತ್ತಡದ ಸ್ವಿಚ್ಚೊಂದು ತಪ್ಪು ಜಾಗದಲ್ಲಿ ಉಳಿದದ್ದರಿಂದಲೇ ಹಾಳಾಗಿತ್ತು. ಮುಂಬೈಯದ್ದು ಕೂದಲೆಳೆಯಲ್ಲಿ ತಪ್ಪಿದ ಅನಾಹುತ. ಅದೇ ದಿನ ಹೊರಬಿದ್ದ ಮುಖ್ಯ ಸುದ್ದಿ, ಪೈಲಟ್‌ಗಳನ್ನು ಕೆಲಸದಿಂದ ದೂರ ಇಡಲಾಗಿದೆ ಎಂಬುದು. ಇಡಬೇಕಾದದ್ದೇ. ಆದರೆ ಆ ಸ್ವಿಚ್ಚನ್ನು ಬೇರೆ ಯಾವ ಯಾವ ಪೈಲಟ್‌ಗಳು, ಎಷ್ಟು ಸಲ, ರನ್‌ವೇ ತುದಿಯಲ್ಲಿ ಕಡೇ ಗಳಿಗೆಯಲ್ಲಿ ನೆನಪು ಮಾಡಿಕೊಂಡು ಹಾಕಿದ್ದರು? ಆ ಲೆಕ್ಕ ಯಾವ ಸುದ್ದಿಯಲ್ಲೂ ನನ್ನ ಕಣ್ಣಿಗೆ ಬೀಳಲಿಲ್ಲ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಹೆಸರುಗಳನ್ನು ಅಳಿಸಿ ಅಂಥ ಲೆಕ್ಕವನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದೆ ಇಟ್ಟರೆ, ಮುಂದಿನ ಸಲ ವಿಮಾನ ಬಿದ್ದ ಸಂಜೆ ಮಸುಕು ವಿಡಿಯೊ ಹಿಗ್ಗಿಸುವವರಿಗೂ ಮಾತಾಡಲು ಏನಾದರೂ ಇರುತ್ತದೆ.